ಅವ್ವ ತಟ್ಟದೆ ಬಿಟ್ಟ ಮಡಕೆಗಳು

ಪ್ರದರ್ಶನ ಎಲ್ಲೇ ಇರಲಿ, ಕೊನೆಗೆ ಒಬ್ಬರಾದರೂ ಎದ್ದು ನಿಂತು ಕೇಳಿಯೇ ಕೇಳುತ್ತಾರೆ, ‘ಮೇಡಂ, ನಿಮ್ಮ ಸ್ಫೂರ್ತಿ ಏನು?’ ಆ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೂ ಹಲ್ಲು ಕಿರಿದು ಏನೋ ಒಂದು ಹೇಳಿ ಸಾಗಹಾಕುತ್ತೇನೆ. ಒಮ್ಮೆ ರಾಯದುರ್ಗದ ಬೆಟ್ಟದ ಬಂಡೆಗಳು ಅಂದೆ. ಇನ್ನೊಮ್ಮೆ ಹಗರಿ ಹೊಳೆಯ ಒಣ ಮರಳು ಅಂದೆ. ಪತ್ರಿಕೆಯವರು ಅದನ್ನೇ ದಪ್ಪಕ್ಷರದಲ್ಲಿ ಹಾಕಿದರು. ಬಂಡೆಯೂ ಇಲ್ಲ, ಮರಳೂ ಇಲ್ಲ, ಎಲ್ಲ ಬರೀ ಬುರುಡೆ. ನಾನು ಮಾಡುವುದು ತಳವಿಲ್ಲದ ಮಡಕೆಗಳನ್ನು. ಬಾಯಿ, ಕೊರಳು, ಹೆಗಲು, ಹೊಟ್ಟೆ ಎಲ್ಲ ಇರುತ್ತದೆ, ತಳ ಮಾತ್ರ ಇರುವುದಿಲ್ಲ. ಅವನ್ನು ಸೂರಿನಿಂದ ಇಳಿಬಿಡುತ್ತೇನೆ, ಬಂದವರು ಕೆಳಗೆ ನಿಂತು ಕತ್ತೆತ್ತಿ ನೋಡುತ್ತಾರೆ. ಒಬ್ಬ ವಿಮರ್ಶಕರು ಅದನ್ನು ‘ಶೂನ್ಯದ ಧ್ಯಾನ’ ಅಂತ ಬರೆದರು. ಅಯ್ಯೋ ಪುಣ್ಯಾತ್ಮ, ಅದು ಧ್ಯಾನವಲ್ಲ, ಜಗಳ! ನಮ್ಮ ಮನೆಯಲ್ಲಿ ನಡೆದ ಜಗಳ, ನನ್ನ ಅವ್ವ ಸೋತ ಜಗಳ. ಅದನ್ನು ಇಲ್ಲಿ ಒಂದು ಸಲ ನೆಟ್ಟಗೆ ಬರೆದುಬಿಡುತ್ತೇನೆ. ಆಮೇಲೆ ನನ್ನನ್ನು ಯಾರೂ ಏನೂ ಕೇಳಬಾರದು.

ನಮ್ಮ ಮನೆ ಇದ್ದದ್ದು ರಾಯದುರ್ಗದಿಂದ ಭೈರವಾನಿತಿಪ್ಪದ ಕಡೆ ಹೋಗುವ ದಾರಿಯ ಒಂದು ಊರಿನಲ್ಲಿ, ಕುಂಬಾರ ಓಣಿಯ ತುದಿಗೆ. ಮುಂದೆ ಅಗಲವಾದ ಪಡಸಾಲೆ, ಅದರ ಹಿಂದೆ ಅಡುಗೆ ಮನೆ, ಅದಕ್ಕೂ ಹಿಂದೆ ಕಿಟಕಿಯೇ ಇಲ್ಲದ ಒಂದು ಕೋಣೆ. ಪಡಸಾಲೆ ಅಪ್ಪನದು. ಬೆಳಕು, ಗಾಳಿ, ಓಣಿಯಲ್ಲಿ ಹೋಗಿಬರುವವರ ಮಾತು ಎಲ್ಲ ಅಲ್ಲಿಗೇ ಬರುತ್ತಿತ್ತು. ಅದರ ನಟ್ಟನಡುವೆ ತಿಗರಿ, ಅಂದರೆ ಮಡಕೆ ತಿರುಗಿಸುವ ಗಾಲಿ, ಗೂಟದ ಮೇಲೆ ಕೂತಿತ್ತು. ಸೋಮವಾರ ಅಪ್ಪ ಅದನ್ನು ಶಿವನೆಂದೇ ತಿಳಿದು ವಿಭೂತಿ ಹಚ್ಚಿ, ಹೂವಿಟ್ಟು ಕೈಮುಗಿಯುತ್ತಿದ್ದ, ಆವತ್ತು ಅದನ್ನು ತಿರುಗಿಸುತ್ತಿರಲಿಲ್ಲ. ಹಿಂದಿನ ಕೋಣೆ ಅವ್ವನದು. ಹಸಿ ಮಡಕೆಗೆ ಬಿಸಿಲೂ ಆಗದು, ಗಾಳಿಯೂ ಆಗದು, ಹಾಗಾಗಿ ಅವ್ವನಿಗೂ ಅವೆರಡೂ ಇರಲಿಲ್ಲ. ಒದ್ದೆ ಗೋಣಿಚೀಲದ ವಾಸನೆಯ ಆ ಕತ್ತಲಲ್ಲಿ ಅವಳು ಕಾಲು ಚಾಚಿ ಕೂತು, ತೊಡೆಯ ಮೇಲೆ ಮಡಕೆ ಇಟ್ಟುಕೊಂಡು, ಒಳಗೊಂದು ಕೈಯಲ್ಲಿ ಗುಂಡುಕಲ್ಲು, ಹೊರಗೊಂದು ಕೈಯಲ್ಲಿ ಮರದ ಹಲಗೆ ಹಿಡಿದು ತಟ್ಟುತ್ತಲೇ ಇರುತ್ತಿದ್ದಳು. ಆ ಸದ್ದು ಕೇಳುತ್ತಿದ್ದರೆ ಅವ್ವ ಮನೆಯಲ್ಲಿದ್ದಾಳೆ ಅಂತ ಅರ್ಥ. ನಾನು ಶಾಲೆಯಿಂದ ಬರುವಾಗ ಓಣಿಯ ತಿರುವಿನಲ್ಲೇ ಅದು ಕೇಳಿಸುತ್ತಿತ್ತು.

ಪೇಟೆಯವರಿಗೆ ಗೊತ್ತಿರುವುದಿಲ್ಲ, ನಮ್ಮ ಕಡೆಯ ಮಡಕೆ ತಿಗರಿಯ ಮೇಲೆ ಮುಗಿಯುವುದಿಲ್ಲ. ಅಪ್ಪ ಕೋಲು ಹಾಕಿ ತಿಗರಿ ತಿರುಗಿಸಿ, ಮಣ್ಣಿನ ಮುದ್ದೆಯಿಂದ ಬಾಯಿ, ಕೊರಳು, ಹೆಗಲು ಎತ್ತಿ, ದಾರ ಎಳೆದು ಕತ್ತರಿಸಿ ಇಳಿಸುತ್ತಿದ್ದ. ಇಳಿದಾಗ ಅದಕ್ಕೆ ತಳವೇ ಇರುತ್ತಿರಲಿಲ್ಲ. ಕೆಳಗಡೆ ದಪ್ಪ ಅಂಚಿನ ದೊಡ್ಡ ತೂತು. ಅದು ಅರೆ ಆರಿದ ಮೇಲೆ ಅವ್ವ ಆ ದಪ್ಪ ಅಂಚನ್ನು ತಟ್ಟಿ ತಟ್ಟಿ ತೆಳ್ಳಗೆ ಮಾಡಿ, ಎಳೆದೂ ಎಳೆದೂ ತೂತು ಮುಚ್ಚಿ, ಗುಂಡನೆಯ ತಳ ಕೂರಿಸುತ್ತಿದ್ದಳು. ಸಂತೆಯಲ್ಲಿ ಕೊಳ್ಳುವವರು ಮೊದಲು ನೋಡುವುದು ತಳವನ್ನೇ. ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ, ‘ಕುಂಬಾರಣ್ಣ, ನಿನ್ನ ಕೈಗುಣ ನೋಡಪ್ಪ, ಗಂಟಿ ಬಾರಿಸಿದಂಗ ಐತಿ’ ಅನ್ನುತ್ತಿದ್ದರು. ಅಪ್ಪ ಮೀಸೆಯಡಿ ನಗುತ್ತಿದ್ದ. ತಳ ನನ್ನ ಹೆಂಡತಿಯದು ಅಂತ ಅವನ ಬಾಯಿಂದ ಒಂದು ದಿನವೂ ಬರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಗಾದೆ ಇದೆ. ಕುಂಬಾರ್ತಿಗೆ ಎಷ್ಟು ಅಂತ ಗಾದೆ ಮಾಡಿದವನಿಗೂ ಹೊಳೆಯಲಿಲ್ಲ ನೋಡಿ!

ಅವ್ವ ಮಡಕಶಿರಾ ಕಡೆಯವಳು, ರತ್ನಗಿರಿಯ ಕೋಟೆ ಬೆಟ್ಟದ ಬುಡದ ಊರು ಅವಳದು. ಅಲ್ಲಿ ರಾಗಿ ಮುದ್ದೆ, ಇಲ್ಲಿ ಜೋಳದ ರೊಟ್ಟಿ. ಅಲ್ಲಿ ಮಾತು ಬೇರೆ, ಇಲ್ಲಿ ಬೇರೆ. ಅಪ್ಪನ ತಾಯಿ, ನಮ್ಮಜ್ಜಿ, ಇವೆರಡಕ್ಕೂ ಸೊಸೆಯನ್ನು ಕೊನೆಯವರೆಗೆ ಕ್ಷಮಿಸಲಿಲ್ಲ. ಅವ್ವ ‘ಐತೆ’ ಅಂದರೆ ಅಜ್ಜಿ ಮೂಗು ಹಿಡಿದು ‘ಐತೇ’ ಅಂತ ಎಳೆದು ಅಣಕಿಸುತ್ತಿದ್ದಳು. ಅವ್ವನ ರೊಟ್ಟಿ ಅಂಚಿನಲ್ಲಿ ಬಿರಿಯುತ್ತಿತ್ತು. ಅಪ್ಪ ಊಟಕ್ಕೆ ಕೂತಾಗಲೇ ಬೇಕಂತ ಅಜ್ಜಿ ಶುರುಮಾಡುತ್ತಿದ್ದಳು.

‘ಗಡಿಗಿ ತಟ್ಟಾಕ ಬರತೈತಿ, ರೊಟ್ಟಿ ತಟ್ಟಾಕ ಬರಂಗಿಲ್ಲ. ಎಂಥಾಕಿನ್ನ ತಂದ್ಯೋ ಯಪ್ಪಾ.’

ಅಪ್ಪ ಬಿರಿದ ರೊಟ್ಟಿಯನ್ನು ತಟ್ಟೆಯ ಅಂಚಿಗೆ ಸರಿಸಿ, ನೆಟ್ಟಗಿರುವುದನ್ನು ಆರಿಸಿಕೊಂಡು ತಿನ್ನುತ್ತಿದ್ದ. ಅವನು ಸರಿಸಿದ್ದನ್ನು ಅವ್ವ ಆಮೇಲೆ ಒಲೆಯ ಮುಂದೆ ಕೂತು ತಿನ್ನುತ್ತಿದ್ದಳು. ನಾನೂ ಅವಳ ಜೊತೆ ಅದನ್ನೇ ತಿನ್ನುತ್ತಿದ್ದೆ. ಆ ರೊಟ್ಟಿಯ ರುಚಿಯಲ್ಲಿ ಏನೂ ಕೊರತೆ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಹೆಣ್ಣು ತಿಗರಿ ಮುಟ್ಟಬಾರದು. ಇದು ಅಜ್ಜಿಯ ಕಾನೂನು, ಓಣಿಯ ಕಾನೂನು. ಕೆರೆಯಿಂದ ಮಣ್ಣು ಹೊತ್ತು ತರಬಹುದು, ಜರಡಿ ಹಿಡಿಯಬಹುದು, ಬೂದಿ, ಲದ್ದಿ ಬೆರೆಸಿ ತುಳಿಯಬಹುದು, ತಳ ತಟ್ಟಬಹುದು, ಮಡಕೆ ಸುಡುವ ಆವಿಗೆಗೆ ಸೌದೆ ಒಟ್ಟಬಹುದು, ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿಬೀದಿ ಸುತ್ತಿ ‘ಕುಂಡಲು, ಕುಂಡಲು’ ಅಂತ ತೆಲುಗಿನಲ್ಲಿ ಕೂಗಿ ಮಡಕೆ ಮಾರಬಹುದು. ತಿಗರಿಯ ಗೂಟದ ಹತ್ತಿರ ಕಸ ಗುಡಿಸುವಾಗಲೂ ಸೆರಗು ತಾಗಬಾರದು. ನನಗೋ ಆ ಗಾಲಿಯ ಹುಚ್ಚು. ಪಡಸಾಲೆಯ ಕಂಬಕ್ಕೆ ಒರಗಿ ಕೂತು ಅಪ್ಪನ ಕೈ ನೋಡುತ್ತಿದ್ದೆ. ಮುದ್ದೆ ಅವನ ಹೆಬ್ಬೆರಳಿಗೆ ದಾರಿ ಬಿಟ್ಟು ಮೇಲೇಳುತ್ತಿದ್ದರೆ ನನ್ನ ಹೆಬ್ಬೆರಳು ತಾನಾಗಿ ಆಡುತ್ತಿತ್ತು. ಮಲಗಿದರೂ ಅದೇ, ಎದ್ದರೂ ಅದೇ.

ಒಂದು ದಿನ ಅಪ್ಪ ರಾಯದುರ್ಗದ ಸಂತೆಗೆ ಹೋಗಿದ್ದ. ಅಜ್ಜಿ ಮಾರೆಮ್ಮನ ಗುಡಿಗೆ ಹೋಗಿದ್ದಳು. ಅವ್ವ ಒಳಗೆ ತಟ್ಟುತ್ತಿದ್ದಳು. ನಾನು ಒಂದು ಮುದ್ದೆ ಮಣ್ಣನ್ನು ಗಾಲಿಯ ನಡುವೆ ಇಟ್ಟು, ಕೋಲು ತೆಗೆದುಕೊಂಡು ಗಾಲಿಯ ತೂತಿಗೆ ಹಾಕಿ ತಳ್ಳಿದೆ. ಅದು ಭಾರ, ಮೊದಲು ಜಗ್ಗಲಿಲ್ಲ. ಜೋತುಬಿದ್ದು ತಳ್ಳಿದ ಮೇಲೆ ಹೊರಟಿತು ನೋಡಿ! ಮಣ್ಣಿಗೆ ಕೈ ಇಟ್ಟೆ. ಮುದ್ದೆ ಅತ್ತಿತ್ತ ಎಗರಿತು, ಎರಡು ಕೈಯಲ್ಲಿ ಒತ್ತಿಹಿಡಿದೆ, ತಟ್ಟನೆ ಸುಮ್ಮನಾಯಿತು. ಅದು ಕೈಯಲ್ಲಿ ಸುಮ್ಮನಾದ ಆ ಗಳಿಗೆಯ ಸಂತೋಷ ನನಗೆ ಆಮೇಲೆ ಯಾವ ಪ್ರಶಸ್ತಿಯಿಂದಲೂ ಸಿಗಲಿಲ್ಲ. ಹೆಬ್ಬೆರಳು ಇಳಿಸಿದೆ, ಮಣ್ಣು ಮೇಲೆ ಬಂತು. ಸೊಟ್ಟ ಬಾಯಿಯ, ಗಿಡ್ಡ ಕೊರಳಿನ ಒಂದು ಕುಡಿಕೆ. ಒಳಗೆ ತಟ್ಟುವ ಸದ್ದು ನಿಂತಿತ್ತು. ತಲೆ ಎತ್ತಿದರೆ ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆ. ಬೈಯಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಅಷ್ಟರಲ್ಲಿ ಅಜ್ಜಿ ಬಂದಳು.

ಅಜ್ಜಿಯ ಬೊಬ್ಬೆಗೆ ಓಣಿಯೇ ಸೇರಿತು. ಸಂಜೆ ಅಪ್ಪ ಬಂದವನು ಬುಟ್ಟಿ ಕೂಡ ಇಳಿಸಲಿಲ್ಲ, ಅಷ್ಟರಲ್ಲೇ ಅಜ್ಜಿಯ ವರದಿ ಮುಟ್ಟಿತು.

‘ನಿನ್ ಮಗಳು ತಿಗರಿ ಮುಟ್ಯಾಳ. ನಿನ್ ಹೇಂತಿ ನಿಂತು ನಕ್ಕಾಳ. ಶಿವನ್ನ ಕೆಸರಿಗೆ ಇಳಿಸ್ಯಾರ ತಾಯಿ ಮಗಳು.’

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ. ಅವನು ಆ ಕುಡಿಕೆಯನ್ನು ಎತ್ತಿ, ಸುತ್ತ ತಿರುಗಿಸಿ ನೋಡಿದ. ಕಣ್ಣಲ್ಲಿ ಏನೋ ಬಂದು ಹೋಯಿತು. ಆಮೇಲೆ ಹಿತ್ತಲ ಮಣ್ಣಿನ ಗುಂಡಿಗೆ ಅದನ್ನು ಎಸೆದು, ನನ್ನ ರಟ್ಟೆ ಹಿಡಿದು ಅಲ್ಲಿಗೆ ಎಳೆದುಕೊಂಡು ಹೋದ.

‘ತುಳಿ,’ ಅಂದ.

ತುಳಿದೆ. ಅಳುತ್ತ ತುಳಿದೆ. ಕೊರಳು ಹಿಮ್ಮಡಿಯ ಕೆಳಗೆ ಮೆತ್ತಗಾದದ್ದು ಈಗಲೂ ಗೊತ್ತಾಗುತ್ತದೆ. ಅದು ಬೇರೆ ಮಣ್ಣಿನಲ್ಲಿ ಕಲೆತು ಕಾಣೆಯಾಗುವವರೆಗೂ ಅಪ್ಪ ದಂಡೆಯ ಮೇಲೆ ನಿಂತಿದ್ದ. ಒಳಗೆ ಅಜ್ಜಿ ದೂರದಿಂದಲೇ ಗಂಜಲ ಎರಚಿ ತಿಗರಿಯ ಮೈಲಿಗೆ ಕಳೆಯುತ್ತಿದ್ದಳು.

ಮಾರನೆಯ ದಿನ ಅವ್ವ ಹಲಗೆ ಮುಟ್ಟಲಿಲ್ಲ. ನೀರು ತಂದಳು, ಕಸ ಗುಡಿಸಿದಳು, ರೊಟ್ಟಿ ಮಾಡಿದಳು. ಮಡಕೆಯ ಕೋಣೆಗೆ ಮಾತ್ರ ಹೋಗಲಿಲ್ಲ. ಅಪ್ಪ ಇಳಿಸಿದ ಹಸಿ ಮಡಕೆಗಳು ಹಾಗೇ ಕೂತವು. ಮದುವೆಯ ಕಾಲ ಅದು. ನಮ್ಮ ಕಡೆ ಮದುವೆಗೆ ಐರಾಣಿ ಬೇಕೇ ಬೇಕು. ಸುಣ್ಣ, ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಹೊಸ ಮಡಕೆಗಳನ್ನು ಮದುವೆ ಮನೆಯವರು ವಾದ್ಯದ ಸಮೇತ ಕುಂಬಾರನ ಮನೆಗೆ ಬಂದು, ಪೂಜೆ ಮಾಡಿ, ಹೊತ್ತುಕೊಂಡು ಹೋಗುತ್ತಾರೆ. ಅವು ಚಪ್ಪರಕ್ಕೆ ಬರದೆ ತಾಳಿ ಕಟ್ಟುವುದಿಲ್ಲ. ಊರ ಗೌಡರ ಮಗಳ ಮದುವೆಗೆ ಅಪ್ಪ ವೀಳ್ಯ ಹಿಡಿದಿದ್ದ. ಆ ದಿನ ಹತ್ತಿರ ಬಂದಿತ್ತು.

‘ಯಾಕ, ಕೈಗೇನಾಗೇತಿ?’ ಅಂತ ಅಪ್ಪ ಕೇಳಿದ.

‘ಕೈಗೇನೂ ಆಗಿಲ್ಲ. ನಾನ್ ತಟ್ಟಾಕಿಲ್ಲ,’ ಅಂದಳು ಅವ್ವ. ‘ನನ್ ಮಗ್ಳುನ್ನ ಒಂದ್ಸಲ ನೀನೇ ಕೈಹಿಡ್ದು ತಿಗರಿ ಮುಂದೆ ಕೂರ್ಸು. ಆಮೇಕೆ ತಟ್ತೀನಿ. ಎಷ್ಟ್ ಬೇಕಾದ್ರೂ ತಟ್ತೀನಿ.’

‘ತಲಿ ಕೆಟ್ಟೈತೇನು ನಿನಗ?’

‘ಹೂಂ, ಕೆಟ್ಟೈತೆ. ನನ್ನುನ್ನ ಈ ಕತ್ಲಾಗೆ ಕೂರ್ಸಿದ್ರಿ, ಕೂತೆ. ಅವುಳ್ನೂ ಇಲ್ಲೇ ಕೂರ್ಸಾಕೆ ನಾನ್ ಬಿಡಾಕಿಲ್ಲ.’

ಅವಳು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಜ್ಜಿಗೂ ಅಣಕಿಸಲು ಮರೆತುಹೋಯಿತು. ಅಪ್ಪ ಹಠಕ್ಕೆ ಬಿದ್ದ. ತಿರುಗಿಸಿದ, ಇಳಿಸಿದ, ಮತ್ತೆ ತಿರುಗಿಸಿದ. ಪಡಸಾಲೆ ತುಂಬಿತು, ಮಂಚದ ಕೆಳಗೆ ತುಂಬಿತು, ಅಡುಗೆ ಮನೆಯ ಗೋಡೆ ಗುಂಟ ತುಂಬಿತು. ಕಾಲಿಡಲು ಜಾಗವಿಲ್ಲ, ಎಲ್ಲಿ ನೋಡಿದರೂ ತಳವಿಲ್ಲದ ಮಡಕೆ. ಅವು ಆರದ ಹಾಗೆ ಅಜ್ಜಿ ಗೋಣಿಚೀಲ ನೆನೆಸಿ ಹೊದಿಸಿ ಸುಸ್ತಾದಳು. ತಾನೇ ಹಲಗೆ ಹಿಡಿದು ಕೂತಳು, ಕೈ ನಡುಗಿ ಮಡಕೆ ಹರಿಯಿತು. ಕೊನೆಗೆ ಅಪ್ಪನೇ ಪಡಸಾಲೆಯ ಬಾಗಿಲು ಮುಂದೆ ಮಾಡಿಕೊಂಡು ಹಲಗೆ ಹಿಡಿದು ಕೂತ. ಸಂದಿಯಿಂದ ನೋಡಿದೆ. ಊರೆಲ್ಲ ಕೈಗುಣ ಕೈಗುಣ ಅಂತ ಹಾಡಿಹೊಗಳಿದ ಆ ಕೈ, ಕಲ್ಲನ್ನು ಎಲ್ಲಿ ಆನಿಸಬೇಕು ಅಂತ ತಿಳಿಯದೆ ಒದ್ದಾಡಿತು. ಹಲಗೆ ಬಿದ್ದಲ್ಲೆಲ್ಲ ತೂತು. ಒಂದನ್ನು ಕೆಡಿಸಿದ, ಇನ್ನೊಂದನ್ನು ಕೆಡಿಸಿದ, ಆಮೇಲೆ ಹಲಗೆಯನ್ನು ಗೋಡೆಗೆ ಬೀಸಿ ಒಗೆದ. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಖುಷಿಯಾಯಿತು.

ಆ ಖುಷಿ ಊಟದ ಹೊತ್ತಿನವರೆಗೆ. ಅಪ್ಪ ಉಂಡು ಎದ್ದ ಮೇಲೆ ಅಜ್ಜಿ ರೊಟ್ಟಿಬುಟ್ಟಿಯನ್ನು ಎತ್ತಿ ತನ್ನ ಮಂಚದ ತಲೆದೆಸೆಗೆ ಇಟ್ಟುಕೊಂಡಳು.

‘ತಳಾ ಮುಚ್ಚದಾಕಿಗೆ ಈ ಮನ್ಯಾಗ ಅನ್ನ ಇಲ್ಲ. ಏನ್ ಹೇಳ್ತಿಯಪ್ಪಾ?’

ಅಪ್ಪ ಕೈ ತೊಳೆಯುತ್ತಿದ್ದ. ಕೈ ಒರೆಸಿಕೊಂಡು ಹೊರಗೆ ಹೋದ. ಅವತ್ತಿನಿಂದ ಅವ್ವ ಮಾಡಿದ ರೊಟ್ಟಿ ಅವ್ವನಿಗೆ ಸಿಗಲಿಲ್ಲ. ಅವಳು ಸುಟ್ಟ ರೊಟ್ಟಿಯ ವಾಸನೆ ಕುಡಿದು, ಮಡಕೆಯ ನೀರು ಕುಡಿದು ಇದ್ದಳು. ನಾನು ನನ್ನ ಪಾಲಿನ ಅರ್ಧ ರೊಟ್ಟಿಯನ್ನು ಲಂಗದಲ್ಲಿ ಸುತ್ತಿ ಹಿತ್ತಲಿಗೆ ಒಯ್ದು ಕೊಟ್ಟೆ. ಅವಳು ಅದನ್ನು ತುಂಡು ಮಾಡಿ ನನ್ನ ಬಾಯಿಗೇ ಇಟ್ಟಳು.

‘ನೀನ್ ತಿನ್ನು ಕಣೆ. ತಿಗರಿ ತಿರುಗ್ಸಾಕೆ ರಟ್ಟೇಲಿ ಕಸುವು ಬೇಕು,’ ಅಂದಳು.

ಗೆದ್ದೇಬಿಡುತ್ತಾಳೆ ಅಂತ ನಾನು ನಂಬಿದ್ದೆ. ಗೌಡತಿ ಬರದಿದ್ದರೆ ಗೆಲ್ಲುತ್ತಿದ್ದಳು ಕೂಡ. ಐರಾಣಿ ಯಾಕೆ ತಡವಾಯಿತು ಅಂತ ವಿಚಾರಿಸಲು ಗೌಡತಿ ಮದುವೆ ಹುಡುಗಿಯನ್ನೇ ಕರೆದುಕೊಂಡು ಬಂದುಬಿಟ್ಟಳು. ಆ ಹುಡುಗಿಗೆ ಅರಿಶಿನ ಹಚ್ಚಿದ್ದರು, ಮುಖ ಇನ್ನೂ ಹಳದಿಯಾಗಿತ್ತು. ಪಡಸಾಲೆಯ ತುಂಬ ತಳ ಬಿಟ್ಟುಕೊಂಡು ಕೂತ ಮಡಕೆಗಳನ್ನು ಕಂಡು ಅವಳು ಹೊಸ್ತಿಲಲ್ಲೇ ನಿಂತಳು.

‘ಯವ್ವಾ, ಇವು ನನ್ನವೇನಬೇ?’ ಅಂದವಳೇ ಅಳಲು ಶುರುಮಾಡಿದಳು.

ಗೌಡತಿ ಕೆಟ್ಟ ಹೆಂಗಸಲ್ಲ. ವಿಷಯ ತಿಳಿದು ಅಪ್ಪನ ಕಡೆ ತಿರುಗಿದಳು.

‘ಒಂದ್ಸಲ ಕುಂದ್ರಿಸಿದ್ರ ನಿನ್ ಗಂಟೇನ್ ಹೋಗತೈತಿ? ಕುಂದ್ರಿಸ್ತೀನಿ ಅನ್ನು.’

‘ಆತ್ರೀ ಅಮ್ಮಾರ, ಕುಂದ್ರಿಸ್ತೀನಿ,’ ಅಂದ ಅಪ್ಪ. ‘ಮದಿವಿ ಮುಗಿಲಿ.’

ಅವ್ವ ಅಪ್ಪನ ಮುಖ ನೋಡಲಿಲ್ಲ, ಆ ಹುಡುಗಿಯ ಅರಿಶಿನದ ಮುಖ ನೋಡಿದಳು. ಗೋಡೆಯ ಬುಡದಲ್ಲಿ ಬಿದ್ದಿದ್ದ ಹಲಗೆಯನ್ನು ಎತ್ತಿಕೊಂಡು ಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ಸದ್ದು ಕೇಳಿಸಿತು. ಗೌಡತಿಯೇ ಬೈದು ಅಜ್ಜಿಯಿಂದ ರೊಟ್ಟಿಬುಟ್ಟಿ ಕೊಡಿಸಿದಳು. ಅವ್ವ ನಡುನಡುವೆ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು ತಳ ಮುಚ್ಚುತ್ತ ಹೋದಳು. ಆರಿ ಬಿರುಸಾದವು ಮತ್ತೆ ಗುಂಡಿಗೆ ಬಿದ್ದವು, ಹದವಿದ್ದವು ಆವಿಗೆಯಲ್ಲಿ ಬೆಂದು ಐರಾಣಿಯಾದವು. ನಾನು ಸುಣ್ಣದಲ್ಲಿ ಬೆರಳು ಅದ್ದಿ ಬಳ್ಳಿ ಬರೆದೆ. ಮದುವೆಯ ಮುಂಚಿನ ದಿನ ಡೊಳ್ಳು, ಶಹನಾಯಿ ಸಮೇತ ಬಂದು ಹೊತ್ತುಕೊಂಡು ಹೋದರು. ಹೋಗುವಾಗ ಗೌಡರು ಓಣಿಯವರ ಎದುರು ಅಪ್ಪನಿಗೆ ಶಾಲು ಹೊದಿಸಿದರು. ಅವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು, ಕೈಯ ಮಣ್ಣು ಇನ್ನೂ ತೊಳೆದಿರಲಿಲ್ಲ.

ಮದುವೆ ಮುಗಿಯಿತು. ಒಂದು ಬೆಳಗ್ಗೆ ನಾನು ತಲೆ ಬಾಚಿಕೊಂಡು, ಕೈಕಾಲು ತೊಳೆದು, ಒಗೆದ ಲಂಗ ಹಾಕಿಕೊಂಡು ತಿಗರಿಯ ಹತ್ತಿರ ಹೋಗಿ ನಿಂತೆ. ಅಪ್ಪ ನನ್ನ ಕಡೆ ನೋಡಲೂ ಇಲ್ಲ. ಅವ್ವ ಕೋಣೆಯಿಂದ ಎದ್ದು ಬಂದು, ‘ನೀನ್ ಮಾತು ಕೊಟ್ಟಿದ್ದೆ’ ಅಂದಳು.

‘ಮಾತು ಕೊಟ್ಟಿದ್ದು ಗೌಡತಿಗೆ, ನಿನಗಲ್ಲ,’ ಅಂದ ಅಪ್ಪ. ‘ಈಕಿ ಇಲ್ಲಿದ್ರ ಮನಿ ಮುರೀತೈತಿ. ನಿನ್ ತಂಗಿ ಮನಿಗೆ ಬಿಟ್ ಬಾ.’

ಅದೇ ವಾರ ಅವ್ವ ನನ್ನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೊರಟಳು. ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ನನ್ನ ಸಿಟ್ಟು ಅಪ್ಪನ ಮೇಲಲ್ಲ, ಅವಳ ಮೇಲೆ. ಇನ್ನೂ ಒಂದೆರಡು ದಿನ ಯಾಕೆ ತಡೆಯಲಿಲ್ಲ? ಯಾರದೋ ಮದುವೆ ನಿಂತರೆ ನಮಗೇನು? ರತ್ನಗಿರಿಯ ಕೆಳಗೆ ಬಸ್ಸು ಇಳಿದಾಗ ಕೇಳಿಯೇಬಿಟ್ಟೆ.

‘ಆ ಹುಡ್ಗೀದೇನ್ ತಪ್ಪಿತ್ತು ಕಣೆ,’ ಅಂದಳು. ‘ಅದೂ ಹೆಣ್ಣೇ.’

ನನ್ನನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು, ಮುದ್ದೆ ಉಂಡು, ಸಂಜೆ ಬಸ್ಸಿಗೆ ವಾಪಸು ಹೋದಳು. ಅವಳು ಹೊಟ್ಟೆ ತುಂಬ ಉಂಡದ್ದನ್ನು ನಾನು ಬಹಳ ದಿನದ ಮೇಲೆ ನೋಡಿದ್ದೆ. ಆಮೇಲೆ ನಾನು ಆ ಮನೆಗೆ ಹಬ್ಬಕ್ಕೆ ಹೋದೆನೇ ಹೊರತು ಇರಲು ಹೋಗಲಿಲ್ಲ. ಓದಿದೆ, ಕಾಲೇಜಿನಲ್ಲಿ ಮಣ್ಣಿನ ಕಲೆಯನ್ನೇ ಹಿಡಿದೆ. ಅಲ್ಲಿ ಕರೆಂಟಿನ ತಿಗರಿ ಇತ್ತು. ಅದರ ಮುಂದೆ ಕೂರುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮೊದಲ ದಿನ ಅದರ ಮುಂದೆ ಕೂತು ಎಷ್ಟು ಅತ್ತೆನೆಂದರೆ ಮೇಷ್ಟ್ರು ಹೆದರಿ ಸ್ವಿಚ್ ಆರಿಸಿದರು.

ಈಗ ಮಡಕಶಿರಾದಲ್ಲಿ ನನ್ನದೇ ಶೆಡ್ಡು ಇದೆ, ಮಡಕೆ ಸುಡಲು ನನ್ನದೇ ಗೂಡು ಇದೆ. ಕೆಲಸ ಮಾಡುವ ರೀತಿ ಹೇಳಿ ಅಂತಲೂ ಕೇಳುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಕೆರೆ ಮಣ್ಣನ್ನು ನಾನೇ ತುಳಿಯುತ್ತೇನೆ, ಯಂತ್ರಕ್ಕೆ ಹಾಕುವುದಿಲ್ಲ. ತುಳಿಯುವಾಗ ಒಮ್ಮೊಮ್ಮೆ ಹಿಮ್ಮಡಿಗೆ ಆ ಕುಡಿಕೆ ಸಿಕ್ಕಂತಾಗಿ ಸಿಟ್ಟು ಬರುತ್ತದೆ, ಆ ಸಿಟ್ಟಿನಲ್ಲೇ ತಿಗರಿಗೆ ಕೂರುತ್ತೇನೆ. ಅಪ್ಪನ ಹಾಗೆಯೇ ಕೊರಳು ಎತ್ತುತ್ತೇನೆ, ಆ ವಿದ್ಯೆ ಅವನದೇ, ಇಲ್ಲ ಅನ್ನುವುದಿಲ್ಲ. ದಾರ ಎಳೆದು ಇಳಿಸುತ್ತೇನೆ. ಅಲ್ಲಿಗೆ ನಿಲ್ಲಿಸುತ್ತೇನೆ. ತಳ ತಟ್ಟಲು ನನಗೆ ಬರುತ್ತದೆ, ತಟ್ಟುವುದಿಲ್ಲ. ಒಳಗೆ ಸುಣ್ಣದ ಬಿಳುಪು, ಹೊರಗೆ ಕೆಮ್ಮಣ್ಣು. ಅವ್ವ ಕೈ ಕಟ್ಟಿ ಕೂತಿದ್ದಾಗ ಮನೆ ಹೇಗಿತ್ತೋ ಹಾಗೆ ನಾನು ಸಭಾಂಗಣ ತುಂಬಿಸುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆಗೇ ಇದ್ದಾಳೆ. ನನ್ನ ಶೆಡ್ಡಿಗೆ ಮಾತ್ರ ಕಾಲಿಡಳು. ‘ಮಣ್ಣಿನ್ ಸಾವಾಸ ಸಾಕಾಗೈತೆ ಕಣೆ’ ಅನ್ನುತ್ತಾಳೆ. ಹಾಗಾಗಿ ನಾನು ಏನು ಮಾಡುತ್ತೇನೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಹೋದ ಸಲ ಅನಂತಪುರದಲ್ಲಿ ಪ್ರದರ್ಶನ ಆದಾಗ ಬಲವಂತ ಮಾಡಿ ಕರೆದುಕೊಂಡು ಹೋದೆ. ದೀಪ ಹಾಕಿದ್ದರು, ಭಾಷಣ ಆಯಿತು, ಹಾರ ಹಾಕಿ ನನಗೆ ಶಾಲು ಹೊದಿಸಿದರು. ಎಲ್ಲ ಮುಗಿದು ಜನ ಚದುರಿದ ಮೇಲೆ ನೋಡಿದರೆ ಅವ್ವ ಒಂದು ಮಡಕೆಯ ಕೆಳಗೆ ನಿಂತಿದ್ದಾಳೆ. ಕೈ ಮೇಲೆತ್ತಿ, ತೂತಿನೊಳಗೆ ತೂರಿಸಿ, ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದಾಳೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಾನು ಶಾಲು ತೆಗೆದು ಅವಳ ಹೆಗಲಿಗೆ ಹಾಕಲು ಹೋದೆ.

‘ಸೆಕೆ ಕಣೆ, ತೆಗಿ,’ ಅಂತ ಕೊಡವಿದಳು. ಆಮೇಲೆ ಮಡಕೆಯನ್ನೇ ನೋಡುತ್ತ ಕೇಳಿದಳು, ‘ತಳ ತಟ್ದೆ ಹಿಂಗೇ ಬಿಟ್ಟಿದ್ಕೆ ಶಾಲು ಕೊಟ್ರಾ?’

‘ಹೂಂ ಅವ್ವ.’

‘ನಾನೂ ಹಿಂಗೇ ಬಿಟ್ಟಿದ್ದೆ. ನಂಗೆ ಅನ್ನ ಹಾಕ್ಲಿಲ್ಲ.’

ಶಾಲನ್ನು ಮುದುರಿ ಹಿಡಿದು ನಿಂತೆ. ಅವ್ವ ತೂತಿನಿಂದ ಕೈ ತೆಗೆದು, ಸೆರಗಿಗೆ ಒರೆಸಿಕೊಂಡು, ಸುತ್ತ ನೋಡಿದಳು.

‘ಇಲ್ಲಿ ಊಟ ಎಲ್ಲಿ ಹಾಕ್ತಾರೆ?’ ಅಂದಳು.